ಒಂದು ಭಂಗಿಗೆ ಎಂಟು ರೂಪಾಯಿ

ಹೊನ್ನಾಳಿ
14 ಜೂನ್ 1987

ಜಗಳೂರಿನ ಚಿತ್ರಕಾರ ತಿಪ್ಪೇಶಪ್ಪನವರಿಗೆ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಿಮ್ಮ ಪೂರ್ತಿ ವಿಳಾಸ ನನಗೂ ಗೊತ್ತಿಲ್ಲ. ನೀವು ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ಬರೆಯುವವರೆಂದು ಕಂಪನಿಯ ಹಾಳೆ ತಂದುಕೊಡುವ ರಂಗಣ್ಣ ಹೇಳಿದ. ಊರ ತುಂಬ ಅಕ್ಷರ ಬರೆದವರನ್ನು ಅಂಚೆಯವರು ಹುಡುಕಲಾರರೇ ಎಂಬ ಧೈರ್ಯದ ಮೇಲೆ ಈ ಕಾಗದ ಹಾಕುತ್ತಿದ್ದೇನೆ.

ನನ್ನ ಹೆಸರು ಶಾಂತಾದೇವಿ. ಇಲ್ಲಿನ ಮಹಿಳಾ ಸಮಾಜದಲ್ಲಿ ಹುಡುಗಿಯರಿಗೆ ಹೊಲಿಗೆ, ಕ್ರಾಸ್ ಸ್ಟಿಚ್, ಮಣಿ ಹೆಣೆಯುವುದು ಹೇಳಿಕೊಡುತ್ತೇನೆ. ನಿಮ್ಮ ಹಾಗೆ ನಾನೂ ಒಂದು ವರ್ಷದಿಂದ ಚನ್ನಗಿರಿ ಮುರುಗೇಶಪ್ಪನವರು ಬೆಂಗಳೂರಿನಲ್ಲಿ ಇಟ್ಟಿರುವ, ಟಿವಿಗೆ ಸಿಕ್ಕಿಸಿ ಆಡುವ ಆಟದ ಕಂಪನಿಗೆ ಗ್ರಾಫ್ ಹಾಳೆಯ ಮೇಲೆ ಚಿತ್ರ ಹಾಕಿಕೊಡುತ್ತಿದ್ದೇನೆ. ಮೊನ್ನೆ ರಂಗಣ್ಣ ನಿಮ್ಮ ಮಿಂಚುಳ್ಳಿಯ ಹಾಳೆ ತಂದುಕೊಟ್ಟು, "ಇದಕ್ಕೆ ಹೊಂದೋ ಹಂಗೆ ಮೀನು ಹಾಕಿಕೊಡ್ರಿ" ಎಂದ. ಕೂತ ಹಕ್ಕಿ, ರೆಕ್ಕೆ ಬಿಚ್ಚಿದ ಹಕ್ಕಿ, ಕೆರೆಗೆ ಧುಮುಕುವ ಹಕ್ಕಿ, ಮೀನು ಕಚ್ಚಿ ಮೇಲೇಳುವ ಹಕ್ಕಿ. ಅಷ್ಟು ಸಣ್ಣ ಜಾಗದಲ್ಲಿ ಅದು ನಿಜವಾಗಿಯೂ ಧುಮುಕುತ್ತಿತ್ತು. ಹಾಳೆಯ ಮೂಲೆಯಲ್ಲಿ ನಿಮ್ಮ ಹೆಸರನ್ನೂ ಚೌಕ ತುಂಬಿಯೇ ಬರೆದಿದ್ದಿರಿ.

ಕೇಳಬಾರದ್ದನ್ನು ಕೇಳುತ್ತಿದ್ದೇನೆ. ನಿಮಗೆ ಒಂದು ಚಿತ್ರಕ್ಕೆ ಎಷ್ಟು ಕೊಡುತ್ತಾರೆ? ನನಗೆ ಆರು ರೂಪಾಯಿ. ಮೊದಲು ಒಂದು ಚಿತ್ರ ಎಂದರೆ ಒಂದೇ ಚಿತ್ರವಾಗಿತ್ತು. ಈಗ ಮೀನು ತಿರುಗಬೇಕು, ಬಾಲ ಬೀಸಬೇಕು, ಸಿಕ್ಕಿಬಿದ್ದು ಒದ್ದಾಡಬೇಕು. ಎಲ್ಲ ಸೇರಿ ಅದೇ ಆರು. ನಮ್ಮ ಮನೆಯವರನ್ನು ಕೇಳಿದರೆ, "ಚೌಕ ತುಂಬಾಕೆ ಯಾರಾದ್ರೂ ದುಡ್ಡು ಕೊಡ್ತಾರೆ ಅನ್ನೋದೇ ದೊಡ್ಡದು, ಸುಮ್ಮನಿರು" ಎನ್ನುತ್ತಾರೆ. ಅವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು.

ಸರಿ ತಪ್ಪು ಹೇಳುವವರು ಈ ಕೆಲಸದಲ್ಲಿ ಬೇರೆ ಯಾರೂ ನನಗೆ ಗೊತ್ತಿಲ್ಲ. ಅದಕ್ಕೇ ಬರೆದೆ.

ಶಾಂತಾದೇವಿ


ಜಗಳೂರು
25 ಜೂನ್ 1987

ಶಾಂತಾದೇವಿಯವರಿಗೆ ತಿಪ್ಪೇಶಪ್ಪನ ಶರಣು.

ನಿಮ್ಮ ಕಾಗದ ಮೂರು ಕೈ ದಾಟಿ ಬಂತು. ಪೋಸ್ಟ್‌ಮ್ಯಾನ್ ಹೋಟೆಲಿಗೆ ಕೊಟ್ಟ, ಹೋಟೆಲಿನವನು ಸೈಕಲ್ ಶಾಪಿಗೆ ಕೊಟ್ಟ, ಅಲ್ಲಿಂದ ನಮ್ಮ ಅಂಜಿನಮ್ಮ ತಂದಳು. "ಯಾರೋ ಹೆಂಗಸರ ಅಕ್ಷರ ಐತೆ" ಎಂದು ನಗುತ್ತಲೇ ಕೊಟ್ಟಳು. ಓದಿ ಹೇಳಿದ ಮೇಲೆ, "ಪಾಪ, ನಿನ್ನಂಗೆ ಇನ್ನೊಬ್ಬರು ಅದಾರಲ್ಲ" ಎಂದಳು.

ಕೇಳಬಾರದ್ದೇನೂ ನೀವು ಕೇಳಿಲ್ಲ. ನನಗೂ ಹೆಚ್ಚು ಕಡಿಮೆ ನಿಮ್ಮಷ್ಟೇ. ಆ ಮಿಂಚುಳ್ಳಿಗೆ ಒಂದು ವಾರ ಹೋಗಿದೆ. ಸೂಳೆಕೆರೆಯ ಮೇಲೆ ಒಮ್ಮೆ ಬಸ್ಸಿನಲ್ಲಿ ಹೋಗುವಾಗ ನೋಡಿದ ಹಕ್ಕಿ ಅದು. ಅದು ಧುಮುಕುವುದು ಕಣ್ಣಿಗೆ ಕಾಣುವುದಿಲ್ಲ, ಧುಮುಕಿ ಆಗಿದೆ ಎಂದಷ್ಟೇ ಗೊತ್ತಾಗುತ್ತದೆ. ಕಾಣದ್ದನ್ನು ನಾಲ್ಕು ಭಂಗಿಯಲ್ಲಿ ಹಾಕಬೇಕಿತ್ತು.

ರಂಗಣ್ಣ ತೋರಿಸಿದಾಗ ನಿಮ್ಮ ಮೀನನ್ನೂ ನೋಡಿದೆ. ಈಜುರೆಕ್ಕೆ ಮೈಗೆ ಸೇರುವಲ್ಲಿ ಗ್ರಾಫಿನ ಒಂದು ಮನೆ ಖಾಲಿ ಬಿಟ್ಟಿದ್ದೀರಿ. ನಾನು ಅಲ್ಲಿ ಕಪ್ಪು ತುಂಬುತ್ತಿದ್ದೆ, ಮೀನು ಕಲ್ಲಿನ ಹಾಗೆ ಕಾಣುತ್ತಿತ್ತು. ನೀವು ಬಿಟ್ಟ ಆ ಒಂದು ಮನೆಯಿಂದ ಅದಕ್ಕೆ ಜೀವ ಬಂದಿದೆ. ಎಲ್ಲಿ ಕಲಿತಿರಿ?

ಬೋರ್ಡಿನ ಕೆಲಸದಲ್ಲಿ ನಮಗೊಂದು ರೇಟು ಅಂತ ಇದೆ. ಅಕ್ಷರಕ್ಕೆ ಇಷ್ಟು, ಒತ್ತಕ್ಷರ ಬಂದರೆ ಇಷ್ಟು, ನೆರಳು ಕೊಟ್ಟರೆ ಇಷ್ಟು. ಯಾರು ಬಂದರೂ ಅದೇ. ಈ ಕೆಲಸಕ್ಕೆ ಅಂಥದ್ದೊಂದು ಇಲ್ಲ. ಅವರು ಹೇಳಿದ್ದೇ ರೇಟು. ನಾವಿಬ್ಬರೂ ಕೂತು ಒಂದು ಮಾಡಿದರೆ ಹೇಗೆ? ಕೂರುವುದೆಂದರೆ ಕಾಗದದಲ್ಲೇ.

ತಿಪ್ಪೇಶಪ್ಪ


ಹೊನ್ನಾಳಿ
6 ಜುಲೈ 1987

ತಿಪ್ಪೇಶಪ್ಪನವರಿಗೆ ವಂದನೆಗಳು.

ಖಾಲಿ ಮನೆ ಬಿಡುವುದು ಮಣಿಕೆಲಸದಿಂದ ಬಂದ ಅಭ್ಯಾಸ. ಬಾಗಿಲ ತೋರಣಕ್ಕೆ ಗಿಣಿ ಹೆಣೆಯುವಾಗ ರೆಕ್ಕೆಯ ಬುಡದಲ್ಲಿ ಒಂದು ಮಣಿ ಬಿಟ್ಟರೆ ಹಿಂದಿನ ಬೆಳಕು ಬರುತ್ತದೆ. ನಮ್ಮ ತಾಯಿ ಹಾಗೆ ಮಾಡುತ್ತಿದ್ದರು. ಅದನ್ನು ಗುರುತಿಸಿದವರು ನೀವೊಬ್ಬರೇ.

ರೇಟಿನ ಬಗ್ಗೆ ತುಂಬ ಯೋಚಿಸಿದೆ. ತುಂಬಿದ ಮನೆಗೆ ಇಷ್ಟು ಪೈಸೆ ಎಂದು ಕೇಳೋಣವೆಂದು ಮೊದಲು ಅನ್ನಿಸಿತು. ಆಮೇಲೆ ಖಾಲಿ ಬಿಟ್ಟ ಮನೆಗೆ ಏನು ಕೊಡುತ್ತಾರೆ ಎನ್ನಿಸಿತು. ಅದನ್ನು ಬಿಡುವುದಕ್ಕೇ ಅಲ್ಲವೇ ಹೆಚ್ಚು ಹೊತ್ತು ಹಿಡಿಯುವುದು? ಹಾಗೆ ಕೊಟ್ಟರೆ ಮೈಯೆಲ್ಲ ಕಪ್ಪು ತುಂಬುವ ಮೊಸಳೆಗೆ ಬಹಳ ದುಡ್ಡು ಬರುತ್ತದೆ, ಮಿಂಚುಳ್ಳಿಗೆ ಏನೂ ಬರುವುದಿಲ್ಲ. ದಿನಕ್ಕೆ ಇಷ್ಟು ಎಂದರೆ, ನನ್ನ ದಿನ ನನ್ನ ಕೈಲಿ ಇಲ್ಲ. ಅಡಿಗೆ, ಕ್ಲಾಸು, ಅತ್ತೆಯವರ ಔಷಧಿ, ನಡುವೆ ಸಿಕ್ಕ ಹೊತ್ತಿನಲ್ಲಿ ಚೌಕ ತುಂಬುತ್ತೇನೆ.

ಭಂಗಿಗೆ ಇಷ್ಟು ಎಂದು ಕೇಳುವುದೇ ನ್ಯಾಯ ಅನ್ನಿಸುತ್ತದೆ. ಹಕ್ಕಿ ನಾಲ್ಕು ಥರ ಕಂಡರೆ ನಾಲ್ಕು ಚಿತ್ರ. ಎಷ್ಟು ಎಂಬುದನ್ನು ನೀವು ಹೇಳಿ. ನನಗೆ ಹೆಚ್ಚು ಕೇಳಿ ಅಭ್ಯಾಸವಿಲ್ಲ, ಕಡಿಮೆ ಹೇಳಿಬಿಡುತ್ತೇನೆ.

ಶಾಂತಾದೇವಿ


ಜಗಳೂರು
17 ಜುಲೈ 1987

ಶಾಂತಾದೇವಿಯವರಿಗೆ,

ಭಂಗಿಗೆ ಎಂಟು ರೂಪಾಯಿ. ಹತ್ತು ಅಂತ ಬರೆದು ಹೊಡೆದು ಹಾಕಿದೆ. ಎಂಟು ಕೇಳಿದರೆ ಏಳಕ್ಕಾದರೂ ನಿಲ್ಲುತ್ತಾರೆ. ಮೊದಲೇ ಏಳು ಕೇಳಿದರೆ ಎಲ್ಲಿ ನಿಲ್ಲುತ್ತಾರೋ ಗೊತ್ತಿಲ್ಲ.

ಒಂದೇ ಮಾತನ್ನು ಇಬ್ಬರೂ ಬರೆದು ಬೆಂಗಳೂರಿಗೆ ಕಳಿಸೋಣ. ನನ್ನದರಲ್ಲಿ ನಿಮ್ಮ ಹೆಸರು ಇರಲಿ, ನಿಮ್ಮದರಲ್ಲಿ ನನ್ನದು. ಉತ್ತರ ಬರುವ ತನಕ ಯಾರೂ ಕಡಿಮೆಗೆ ಮಾಡುವುದು ಬೇಡ. ರಂಗಣ್ಣ ಬಂದು ಕೇಳಿದರೆ ಹಾಳೆ ತಿರುಗಿಸಿ ಕೊಡೋಣ. ನಿಮಗೆ ಇದು ಆಗುತ್ತದೆಯೋ ಯೋಚಿಸಿ ಹೇಳಿ. ನಾನು ಗಂಡಸು, ಬೋರ್ಡು ಬರೆದು ಬದುಕುತ್ತೇನೆ. ನಿಮಗೆ ಮನೆಯಲ್ಲಿ ಏನನ್ನುತ್ತಾರೋ.

ಇನ್ನೊಂದು ಮಾತು. ಹೋದ ಸಲ 'ನಿಮ್ಮಷ್ಟೇ' ಎಂದಿದ್ದೆ. ಅಷ್ಟೇ ಅಲ್ಲ, ನನಗೆ ಒಂಬತ್ತು ಕೊಡುತ್ತಿದ್ದರು. ಹೇಳಿದರೆ ನಿಮಗೆ ಬೇಜಾರಾದೀತೆಂದು ಮುಚ್ಚಿಟ್ಟಿದ್ದೆ. ಒಟ್ಟಿಗೆ ಕೇಳುವವರ ನಡುವೆ ಅದು ಇರಬಾರದು.

ತಿಪ್ಪೇಶಪ್ಪ


ಹೊನ್ನಾಳಿ
28 ಜುಲೈ 1987

ತಿಪ್ಪೇಶಪ್ಪನವರಿಗೆ,

ಬೇಜಾರಾಗಲಿಲ್ಲ ಎಂದರೆ ಸುಳ್ಳು. ಸಂಜೆತನಕ ಆಯಿತು, ಆಮೇಲೆ ಹೋಯಿತು. ಕಾಗದ ಬರೆದು ಬೆಂಗಳೂರಿಗೆ ಹಾಕಿದ್ದೇನೆ. ರಂಗಣ್ಣ ನಿನ್ನೆಯೇ ಬಂದಿದ್ದ. ಹಾಳೆ ವಾಪಸು ಕೊಟ್ಟೆ. "ಏನ್ರಿ ಅಕ್ಕಾರೆ, ಸಾಹುಕಾರ್ರ ಮೇಲೆ ಮುನಿಸಾ?" ಎಂದ. ಇಲ್ಲಪ್ಪ, ರೇಟು ಗೊತ್ತಾಗಲಿ ಎಂದೆ. ಅವನು ಕ್ಲಾಸಿನ ಹುಡುಗಿಯರ ಕಡೆ ಒಮ್ಮೆ ನೋಡಿ ಹೋದ.

ನಾವು ಕೇಳಿದ್ದು ಹೆಚ್ಚಾಗಲಿಲ್ಲ ತಾನೆ?

ಶಾಂತಾದೇವಿ


ಜಗಳೂರು
12 ಸೆಪ್ಟೆಂಬರ್ 1987

ಶಾಂತಾದೇವಿಯವರಿಗೆ,

ಕಂಪನಿಯಿಂದ ನನಗೆ ಒಂದು ಸಾಲೂ ಬಂದಿಲ್ಲ. ನಿಮಗೆ ಬಂತೇ?

ಇಲ್ಲಿ ಬೋರ್ಡಿನ ಕೆಲಸ ಬೇಕಾದಷ್ಟಿದೆ, ನನ್ನ ಚಿಂತೆ ಮಾಡಬೇಡಿ. ಗಟ್ಟಿಯಾಗಿರಿ. ಚಿತ್ರವಿಲ್ಲದೆ ಆಟ ಹೇಗೆ ಮಾರುತ್ತಾರೆ? ಬಂದೇ ಬರುತ್ತಾರೆ.

ತಿಪ್ಪೇಶಪ್ಪ


ಹೊನ್ನಾಳಿ
30 ಅಕ್ಟೋಬರ್ 1987

ತಿಪ್ಪೇಶಪ್ಪನವರಿಗೆ ವಂದನೆಗಳು.

ತಡವಾಗಿ ಬರೆಯುತ್ತಿದ್ದೇನೆ. ದೀಪಾವಳಿ, ಮನೆ ತುಂಬ ಜನ.

ನನಗೂ ಕಂಪನಿಯಿಂದ ಉತ್ತರ ಬಂದಿಲ್ಲ. ನಾನು ಒಂದು ಚಿತ್ರವನ್ನೂ ಮಾಡಿಕೊಟ್ಟಿಲ್ಲ, ಇದನ್ನು ನಂಬಿ. ಬೇರೆ ಯಾರಾದರೂ ಮಾಡುತ್ತಿರಬಹುದು. ಮಾಡುತ್ತಿದ್ದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರಿಗೆ ಎಂಟು ರೂಪಾಯಿಯ ವಿಷಯ ಗೊತ್ತೇ ಇರಲಿಕ್ಕಿಲ್ಲ. ನಾವು ಕೇಳಿದ್ದು ನ್ಯಾಯವೇ ಆಗಿದ್ದರೂ ಎಲ್ಲರಿಗೂ ಕಾಯಲು ಆಗುವುದಿಲ್ಲವಲ್ಲ.

ಇನ್ನೇನು ಬರೆಯಲಿ ತಿಳಿಯುತ್ತಿಲ್ಲ. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ.

ಶಾಂತಾದೇವಿ


ಜಗಳೂರು
9 ಡಿಸೆಂಬರ್ 1987

ಶ್ರೀಮತಿ ಶಾಂತಾದೇವಿಯವರಿಗೆ,

ಮೊನ್ನೆ ಚನ್ನಗಿರಿಗೆ ಹೋಗಿದ್ದೆ. ಮುರುಗೇಶಪ್ಪನವರು ಬೆಂಗಳೂರಿನಿಂದ ಮನೆಗೆ ಬಂದಿದ್ದಾರೆಂದು ಗೊತ್ತಾಗಿ, ಎದುರಿಗೇ ಕೇಳಿಬಿಡೋಣವೆಂದು ಹೊರಟೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಸಂತೇಬೆನ್ನೂರು ದಾಟಿ ಹೋಗುವಷ್ಟರಲ್ಲಿ ಏನು ಮಾತಾಡಬೇಕೆಂದು ಎಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ನಿಮ್ಮ ಹೆಸರನ್ನೂ ಹೇಳಬೇಕೆಂದಿದ್ದೆ.

ನನ್ನನ್ನು ಜಗುಲಿಯ ಮೇಲೆ ಕೂರಿಸಿದರು. ಅವರ ತಾಯಿ ಶಂಕ್ರಮ್ಮನವರು ಒಳಗಿನಿಂದ ಉಪ್ಪಿಟ್ಟು ಕಳಿಸಿದರು. ಎಲೆಯಲ್ಲಿ. ಬಹಳ ಒಳ್ಳೆಯ ಮಾತಾಡುವ ಹೆಂಗಸು. ಹೊಸ್ತಿಲಲ್ಲಿ ನಿಂತು, "ಯಾವೂರಪ್ಪಾ?" ಎಂದರು. ಜಗಳೂರು ತಾಯಿ, ಹೊನ್ನಾಳಿ ಶಾಂತಾದೇವಿಯವರ ಜೊತೆ ಇದೇ ಚಿತ್ರದ ಕೆಲಸ ಮಾಡ್ತೀನಿ ಎಂದೆ. "ಯಾರು, ನಮ್ಮ ಶಾಂತಿನಾ? ನಮ್ಮ ಅಣ್ಣನ ಬೀಗರ ಕಡೇಕಿ. ಮುರುಗೇಶಿ ಮದುವ್ಯಾಗೆ ಹಸೆ ಬರೆದಿದ್ದೇ ಅವಳು" ಎಂದರು.

ಇದನ್ನು ನೀವು ನನಗೆ ಒಮ್ಮೆಯೂ ಬರೆದಿರಲಿಲ್ಲ.

ಆಮೇಲೆ ಮುರುಗೇಶಪ್ಪನವರು ಬಂದರು. ಸಿಟ್ಟು ಮಾಡಲಿಲ್ಲ. "ತಿಪ್ಪೇಶಪ್ಪ, ನಿನ್ನ ಕೈ ಚಲೋ ಐತೆ, ನಾನೇನು ಇಲ್ಲ ಅಂದ್ನಾ? ಆದ್ರೆ ಹೊರದೇಶದ ಡಬ್ಬಿ ದಾವಣಗೆರೆ ಸಂತ್ಯಾಗೂ ಬಂದೈತೆ. ಅದರಾಗೆ ನೂರು ಆಟ. ನನ್ನದು ಒಂದೇ ಆಟ, ಅದಕ್ಕೂ ಇದಕ್ಕೂ ಒಂದೇ ಬೆಲೆ. ನೀವು ಎಂಟು ಕೇಳಿದ್ರೆ ನಾನು ಯಾರನ್ನ ಕೇಳಲಿ?" ಎಂದರು. ಹಾಗಾದರೆ ಈಗ ಯಾರು ಮಾಡುತ್ತಿದ್ದಾರೆ ಎಂದೆ. "ಹೊನ್ನಾಳಿ ಕಡೆಯಿಂದ ಬರ್ತೈತೆ. ಎರಡು ರೂಪಾಯಿಗೆ" ಎಂದು ಒಳಗೆ ಹೋಗಿ ಹಾಳೆ ತಂದು ತೋರಿಸಿದರು.

ಬೆಳ್ಳಕ್ಕಿ ಹಾರುವ ಚಿತ್ರ. ರೆಕ್ಕೆಯ ಬುಡದಲ್ಲಿ ಒಂದು ಮನೆ ಖಾಲಿ.

ನಾನು ಐದು ತಿಂಗಳಿಂದ ಕೈ ಕಟ್ಟಿ ಕೂತಿದ್ದೇನೆ. ಬೋರ್ಡಿನ ಕೆಲಸ ಬೇಕಾದಷ್ಟಿದೆ ಎಂದು ಬರೆದಿದ್ದು ನಿಮಗೆ ಧೈರ್ಯ ಬರಲಿ ಎಂದು. ಕೆಲಸವಿಲ್ಲ. ಈಗ ಅಂಟಿಸುವ ಅಕ್ಷರ ಬಂದಿವೆ, ಅಂಗಡಿಯವರು ತಾವೇ ತಂದು ಅಂಟಿಸಿಕೊಳ್ಳುತ್ತಾರೆ. 'ಇದನ್ನು ನಂಬಿ' ಎಂದು ಬರೆದಿದ್ದಿರಿ, ನಂಬಿದ್ದೆ. ನೀವು ನೀವು ಒಂದೇ ಬಳಗ. ಆ ಮನೆಯೊಳಗೆ ಹೋಗಿ ಕೂರುವವರ ಜೊತೆ, ಜಗುಲಿಯಲ್ಲಿ ಕೂರುವವನು ಸೇರಿಕೊಂಡು ರೇಟು ಕೇಳಲು ಹೊರಟಿದ್ದೇ ತಪ್ಪು.

ಇನ್ನು ಕಾಗದ ಬೇಡ.

ತಿಪ್ಪೇಶಪ್ಪ


ಹೊನ್ನಾಳಿ
16 ಡಿಸೆಂಬರ್ 1987

ತಿಪ್ಪೇಶಪ್ಪನವರಿಗೆ,

ಬೇಡವೆಂದರೂ ಬರೆಯುತ್ತಿದ್ದೇನೆ. ಇದೊಂದನ್ನು ಓದಿ.

ಮುರುಗೇಶಪ್ಪನವರು ದೂರದ ಸಂಬಂಧ ಎನ್ನುವುದು ನಿಜ. ಹೇಳಿದರೆ ನೀವು ನನ್ನೊಂದಿಗೆ ಬಿಚ್ಚಿ ಮಾತಾಡಲಾರಿರಿ ಎಂದು ಹೇಳಲಿಲ್ಲ. ಸಂಬಂಧ ಇದ್ದುದಕ್ಕೇ ನನಗೆ ಆರು, ನಿಮಗೆ ಒಂಬತ್ತು. ಮನೆಯ ಹೆಣ್ಣುಮಗಳು ಏನು ಕೊಟ್ಟರೂ ಇಸಕೊಳ್ಳುತ್ತಾಳೆ ಎಂದು.

ಆ ಬೆಳ್ಳಕ್ಕಿಯನ್ನು ಹಾಕಿದ್ದು ನಾನಲ್ಲ. ನನ್ನ ಕ್ಲಾಸಿಗೆ ನ್ಯಾಮತಿಯಿಂದ ಉಚ್ಚಂಗಮ್ಮ ಎಂಬ ಹುಡುಗಿ ಬರುತ್ತಾಳೆ. ಇಪ್ಪತ್ತು ವರ್ಷ. ತಂದೆ ಇಲ್ಲ, ತಾಯಿ ತಿಪ್ಪಮ್ಮ ಕೂಲಿಗೆ ಹೋಗುತ್ತಾಳೆ. ಬಸ್ಸಿಗೆ ದುಡ್ಡಿಲ್ಲದ ದಿನ ಕ್ಲಾಸಿಗೆ ಬರುವುದಿಲ್ಲ, ಬಂದ ದಿನ ಎಲ್ಲರಿಗಿಂತ ಮುಂಚೆ ಮುಗಿಸುತ್ತಾಳೆ. ಅಕ್ಟೋಬರ್ ಮೊದಲಲ್ಲಿ ಒಂದು ಮಧ್ಯಾಹ್ನ, ಎಲ್ಲರೂ ಹೋದ ಮೇಲೆ ಉಳಿದುಕೊಂಡಳು. ಸೆರಗಿನಲ್ಲಿ ಸುತ್ತಿಕೊಂಡಿದ್ದ ಗ್ರಾಫ್ ಹಾಳೆ ತೆಗೆದಳು.

"ಟೀಚರೇ, ರಂಗಣ್ಣಾರು ಕೊಟ್ಟಾರೆ. ಬೆಳ್ಳಕ್ಕಿ ನೆಲ ಬಿಟ್ಟು ಏಳಬೇಕಂತೆ. ನಂದು ಏಳಾಕೇ ಒಲ್ಲದು. ಕೋಳಿ ಕುಂತಂಗೆ ಕುಂತೈತೆ" ಎಂದಳು.

ಎಷ್ಟು ಕೊಡ್ತಾರೆ ಎಂದೆ.

"ಎರಡು ರೂಪಾಯಿ ಟೀಚರೇ! ಒಂದಕ್ಕೆ!" ಎಂದು ಕಣ್ಣು ಅಗಲ ಮಾಡಿದಳು. "ಮನೇಲೇ ಕುಂತು ಮಾಡೋದು. ನಮ್ಮವ್ವ ನಂಬವಲ್ಲಳು."

ನಾನು ಏನು ಹೇಳಬೇಕಿತ್ತು ಹೇಳಿ. ಇದು ಎಂಟು ರೂಪಾಯಿಯ ಕೆಲಸ, ಬಿಟ್ಟುಬಿಡು ಎನ್ನಬೇಕಿತ್ತೇ? ಬಾಯಿ ತೆಗೆದೆ. ಅವಳು ಅಷ್ಟು ಸಂತೋಷದಿಂದ ನನ್ನ ಮುಖ ನೋಡುತ್ತಿದ್ದಳು. ಹೊಲದಲ್ಲಿ ಕಳೆ ತೆಗೆಯುವವಳಿಗೆ ನೆರಳಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದೆ. ಅದನ್ನು ಕಿತ್ತುಕೊಳ್ಳಲು ನನ್ನ ಕೈಲಿ ಆಗಲಿಲ್ಲ. ಪೆನ್ಸಿಲು ತೆಗೆದುಕೊಂಡು ಕಾಲು ಹಿಂದಕ್ಕೆ ಎಳೆದೆ, ಕತ್ತು ಮುಂದೆ ಚಾಚಿಸಿದೆ, ರೆಕ್ಕೆಯ ಬುಡದಲ್ಲಿ ಒಂದು ಮನೆ ಅಳಿಸಿದೆ. ಬೆಳ್ಳಕ್ಕಿ ಎದ್ದಿತು. ಅವಳು ಚಪ್ಪಾಳೆ ತಟ್ಟಿದಳು. ಆಮೇಲೆ ತಿಂಗಳಿಡೀ ಬಂದು ಕೇಳಿದಳು, ನಾನು ಹೇಳಿಕೊಟ್ಟೆ. ಅವಳೇ ಕಲಿತ ಮೇಲೆ ಸುಮ್ಮನೆ ನೋಡಿದೆ.

ನಾನು ಒಂದು ಪೈಸೆ ತೆಗೆದುಕೊಂಡಿಲ್ಲ. ಆದರೆ ನಾವು ಬೇಡವೆಂದು ಬಿಟ್ಟ ಕೆಲಸವನ್ನು ನಾನೇ ಇನ್ನೊಬ್ಬರಿಗೆ ಕಲಿಸಿದೆ. ಅದನ್ನು ನಿಮಗೆ ಹೇಗೆ ಬರೆಯಲಿ? ನೀವು ಅಲ್ಲಿ ಗಟ್ಟಿಯಾಗಿ ಕೂತಿದ್ದೀರಿ ಎಂದುಕೊಂಡಿದ್ದೆ. ಬೋರ್ಡಿನ ಕೆಲಸ ಇದೆ ಎಂದಿದ್ದಿರಿ.

ಸಿಟ್ಟು ನನ್ನ ಮೇಲೆ ಇರಲಿ. ಅವಳು ನಿಮ್ಮ ಹೆಸರನ್ನೂ ಕೇಳಿದವಳಲ್ಲ.

ಶಾಂತಾದೇವಿ


ಹೊನ್ನಾಳಿ
2 ಫೆಬ್ರವರಿ 1988

ತಿಪ್ಪೇಶಪ್ಪನವರಿಗೆ,

ನೀವು ಉತ್ತರ ಬರೆಯಲಿಲ್ಲ. ಬರೆಯಬೇಕೆಂದು ಈಗಲೂ ಕೇಳುತ್ತಿಲ್ಲ. ಒಂದು ಸಹಾಯ ಕೇಳಬೇಕಿತ್ತು, ಬೇರೆ ಯಾರನ್ನೂ ಕೇಳುವಂತಿಲ್ಲ.

ಉಚ್ಚಂಗಮ್ಮನ ಕೆಲಸ ನಿಂತಿದೆ. ಸಂಕ್ರಾಂತಿಗೆ ಮುಂಚೆ ರಂಗಣ್ಣ ಬಂದು ಉಳಿದ ಹಾಳೆಗಳನ್ನೆಲ್ಲ ತೆಗೆದುಕೊಂಡು ಹೋದನಂತೆ. ಇನ್ನೂ ಕಡಿಮೆಗೆ ಮಾಡುವವರು ಯಾರೋ ಸಿಕ್ಕಿದ್ದಾರೆ ಎಂದನಂತೆ. ಯಾರು ಎಂದು ಹೇಳಿಲ್ಲ. ಹುಡುಗಿ ಇಲ್ಲಿಗೆ ಬಂದು, "ನಾನೇನು ತಪ್ಪು ಮಾಡಿದೆ ಟೀಚರೇ? ಮೊಸಳೆ ಬಾಯಿ ಸರಿ ಬರಲಿಲ್ವಾ?" ಎಂದು ಕೇಳಿದಳು. ತಪ್ಪು ನಿನ್ನದಲ್ಲ ಎಂದೆ. ಹಾಗಾದರೆ ಯಾರದು ಎಂಬಂತೆ ನೋಡಿದಳು. ಆ ಕೆಲಸ ನಂಬಿ ಒಂದು ಹೊಲಿಗೆ ಯಂತ್ರ ಕಂತಿನ ಮೇಲೆ ತಂದಿದ್ದಳು. ಅಂಗಡಿಯವನು ವಾಪಸು ಒಯ್ದ. ಅವಳು ಈಗ ತಾಯಿಯ ಜೊತೆ ಕೂಲಿಗೆ ಹೋಗುತ್ತಾಳೆ, ಕ್ಲಾಸಿಗೆ ಬರುವುದಿಲ್ಲ.

ನಾನೇ ಚನ್ನಗಿರಿಗೆ ಹೋಗಿ ಶಂಕ್ರಮ್ಮನವರ ಹತ್ತಿರ ಹೇಳಿ ನೋಡಿದೆ. "ಅದೆಲ್ಲ ಗಂಡಸರ ವ್ಯಾಪಾರ ಕಣೆ ಶಾಂತಿ" ಎಂದು ಹೂವು ಮುಡಿಸಿ ಕಳಿಸಿದರು.

ನಿಮಗೆ ದಾವಣಗೆರೆಯ ಕಡೆ ಚಿತ್ರ ಬರೆಯುವವರೆಲ್ಲ ಗೊತ್ತು. ಆ ಕೆಲಸ ಯಾರು ಹಿಡಿದಿದ್ದಾರೆಂದು ಸ್ವಲ್ಪ ವಿಚಾರಿಸಿ. ಅವರು ಸಿಕ್ಕರೆ ಜಗಳವಾಡಬೇಡಿ. ಹೀಗೊಬ್ಬ ಹುಡುಗಿ ಇದ್ದಾಳೆ ಎಂದು ಹೇಳಿ, ಅಷ್ಟೇ. ಅವರಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಾದರೆ ಅರ್ಧವಾದರೂ ಬಿಟ್ಟುಕೊಟ್ಟಾರು.

ಶಾಂತಾದೇವಿ


ಜಗಳೂರು
26 ಮಾರ್ಚ್ 1988

ಶಾಂತಾದೇವಿಯವರಿಗೆ,

ನೀವು ಹುಡುಕಿ ಎಂದಿದ್ದು ನನ್ನನ್ನೇ.

ಆ ದಿನ ಚನ್ನಗಿರಿಯ ಜಗುಲಿಯ ಮೇಲೆ ನಿಮ್ಮ ಕೈಯ ಗುರುತು ನೋಡಿದಾಗ ನನ್ನ ಮೈ ಉರಿದು ಹೋಯಿತು. "ಎರಡಕ್ಕೆ ಅವರು ಮಾಡಿದ್ರೆ ನಾನು ಒಂದೂವರೆಗೆ ಮಾಡ್ತೀನಿ, ಎಲ್ಲಾ ನನಗೇ ಕೊಡ್ರಿ ಸಾಹುಕಾರ್ರೆ" ಎಂದುಬಿಟ್ಟೆ. ನಿಮ್ಮ ಕೈಯಿಂದ ಕೆಲಸ ಕಿತ್ತುಕೊಂಡೆ ಎಂದುಕೊಂಡಿದ್ದೆ. ಮುರುಗೇಶಪ್ಪನವರು, "ಯೋಚನೆ ಮಾಡಿ ಹೇಳು, ಆಮೇಲೆ ಆಗಲ್ಲ ಅನ್ನಬ್ಯಾಡ" ಎಂದರು. ಅವರೇ ಹಾಗೆಂದರೂ ನಾನು ಯೋಚನೆ ಮಾಡಲಿಲ್ಲ. ಮುಂಗಡ ಇಸಕೊಂಡು ಬಂದೆ. ಅದರಲ್ಲಿ ಮನೆಯ ಮೇಲಿನ ಒಡೆದ ಹೆಂಚು ತೆಗೆಸಿ ಶೀಟು ಹಾಕಿಸಿದೆ.

ನಿಮಗೆ ಕಾಗದ ಹಾಕಿ ಹನ್ನೆರಡು ದಿನಕ್ಕೆ ನಿಮ್ಮ ಉತ್ತರ ಬಂತು. ಅಂಜಿನಮ್ಮನಿಗೆ ಓದಿ ಹೇಳಲಿಲ್ಲ. ಅವಳು ಮುಖ ನೋಡಿಯೇ, "ಏನಾತು?" ಎಂದಳು. ಏನಿಲ್ಲ ಎಂದೆ.

ಮಾರನೆಯ ವಾರ ಮತ್ತೆ ಚನ್ನಗಿರಿಗೆ ಹೋಗಿ, ನನಗೆ ಈ ಕೆಲಸ ಬೇಡ ಸಾಹುಕಾರ್ರೆ, ಆ ಹುಡುಗಿಗೇ ಕೊಡ್ರಿ ಎಂದೆ. ಅವರು, "ನೀನು ಬಿಟ್ರೆ ಅದು ಆ ಹುಡುಗೀಗೆ ಹೋಗಂಗಿಲ್ಲ ತಿಪ್ಪೇಶಪ್ಪ. ದಾವಣಗೆರೆಯಾಗೆ ಒಬ್ಬ ಒಂದು ರೂಪಾಯಿಗೆ ಮಾಡ್ತೀನಿ ಅಂತ ಕುಂತಾನೆ. ನೀನು ಒಂದೂವರೆ ಅಂದಿದ್ದು ಊರಿಗೆಲ್ಲ ಗೊತ್ತಾಗೈತೆ. ಇನ್ನು ಎರಡಕ್ಕೆ ನಾನು ಯಾಕೆ ಕೊಡಲಿ?" ಎಂದರು. ಆಮೇಲೆ ಅವರೇ, "ಈ ಧಂದೆಯಾಗೆ ನಾನೇ ಇನ್ನೊಂದು ವರ್ಷ ಇರ್ತೀನೋ ಇಲ್ಲೋ" ಎಂದರು. ಸುಳ್ಳು ಹೇಳಿದ ಹಾಗೆ ಕಾಣಲಿಲ್ಲ. ಮುಂಗಡ ವಾಪಸು ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಹಾಳೆಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದೆ. ಚಿತ್ರ ಹಾಕುತ್ತಿದ್ದೇನೆ. ಮೊಸಳೆ, ತೆಪ್ಪ, ತೆಪ್ಪದ ಮೇಲಿನ ಮನುಷ್ಯ.

ಅದಕ್ಕೇ ನಿಮ್ಮ ಫೆಬ್ರವರಿ ಕಾಗದಕ್ಕೆ ಉತ್ತರ ಬರೆಯಲಾಗಲಿಲ್ಲ. 'ಗೊತ್ತಾದರೆ ಅರ್ಧವಾದರೂ ಬಿಟ್ಟುಕೊಟ್ಟಾರು' ಎಂದಿದ್ದಿರಿ. ಅರ್ಧ ಬಿಟ್ಟುಕೊಡೋಣವೆಂದೇ ಯುಗಾದಿ ಕಳೆದ ಮೇಲೆ ನ್ಯಾಮತಿಗೆ ಹೋದೆ. ಕಂಪನಿಗೆ ತಿಳಿಸದೆ ಅರ್ಧ ಹಾಳೆ ಅವಳಿಗೆ ಕೊಡುವುದು, ನನಗೆ ಬಂದದ್ದರಲ್ಲಿ ಅರ್ಧ ಅವಳಿಗೆ. ಬಸ್ಸಿನಲ್ಲಿ ಇದು ಸರಿಯಾಗೇ ಕಂಡಿತ್ತು.

ತಿಪ್ಪಮ್ಮನ ಮನೆ ಎಂದು ಕೇಳಿದರೆ ಒಬ್ಬರು ತೋರಿಸಿದರು. ಯಾವ ಕೇರಿ ಎಂದು ಹೇಳುವ ಮೊದಲೇ ನನಗೆ ದಾರಿ ಗೊತ್ತಾಯಿತು. ನಮ್ಮ ಜಾತಿಯವರದೇ ಮನೆ. ನನ್ನ ತಂಗಿಯ ಮನೆಗೆ ಹೋದಂತಿತ್ತು. ನೀವು ಅದನ್ನು ಬರೆದಿರಲಿಲ್ಲ. ನಾನು ನೊಂದುಕೊಳ್ಳಬಾರದೆಂದು ಬಿಟ್ಟಿರಿ ಎಂದು ಈಗ ಅನ್ನಿಸುತ್ತದೆ.

ಹುಡುಗಿ ಆಗ ತಾನೆ ಕೂಲಿಯಿಂದ ಬಂದು ಕಾಲು ತೊಳೆಯುತ್ತಿದ್ದಳು. ನಾನು ಜಗಳೂರಿನವನು, ಟಿವಿ ಆಟಕ್ಕೆ ಚಿತ್ರ ಹಾಕುತ್ತಿದ್ದೆ ಎಂದೆ. ಕೈ ಒರೆಸಿಕೊಳ್ಳದೆ ಓಡಿಬಂದಳು.

"ಮಿಂಚುಳ್ಳಿ ಹಾಕಿದೋರು ನೀವೇನಣ್ಣ? ರಂಗಣ್ಣಾರು ನನಗೆ ತೋರಿಸಿದ್ರು, ಜಗಳೂರಿನೋರು ಹಾಕಿದ್ದು, ಹಿಂಗೆ ಹಾಕಬೇಕು ನೋಡು ಅಂತ. ನಾನು ಅದನ್ನ ನೋಡಿ ನೋಡೇ ಕಲ್ತಿದ್ದು!" ಎಂದಳು.

ಚೀಲ ನನ್ನ ಮಡಿಲಲ್ಲೇ ಇತ್ತು. ತೆಗೆಯಬೇಕೆಂದು ಅದರ ದಾರಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಅವಳು ಎದುರಿಗೆ ಕೂತು, ದೊಡ್ಡವರನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದಳು. "ಅಣ್ಣ, ನಿಮಗೆ ಗೊತ್ತಿರತೈತೆ, ಅದಕ್ಕೆ ಕೇಳ್ತೀನಿ. ನಾನು ಎರಡು ಇಸಕೊಂಡಿದ್ದು ಜಾಸ್ತಿ ಆತೇನು? ನಾನೇ ಒಂದೂವರೆ ಸಾಕು ಅಂದಿದ್ರೆ ಕೆಲಸ ಬಿಡಿಸ್ತಿರಲಿಲ್ಲ ಅಲ್ವಾ?"

ಎಂಟು ರೂಪಾಯಿಯ ಲೆಕ್ಕವನ್ನು ನಿಮ್ಮ ಜೊತೆ ಅಷ್ಟು ಕಾಗದ ಬರೆದು ಮಾಡಿದವನು ನಾನು. ಚೀಲದ ದಾರದಿಂದ ಕೈ ತೆಗೆದೆ. ಚೀಲದಿಂದ ಹಾಳೆ ತೆಗೆದಿದ್ದರೆ, ಯಾರ ಕೈಯಿಂದ ಎಲ್ಲಿಗೆ ಬಂದ ಹಾಳೆ ಎಂಬುದು ಅವಳಿಗೆ ಆ ಕ್ಷಣವೇ ತಿಳಿಯುತ್ತಿತ್ತು. ಅರ್ಧ ಕೊಟ್ಟರೆ ಮುಕ್ಕಾಲು ರೂಪಾಯಿ. ಅದನ್ನೂ ಅವಳು ಕೈಮುಗಿದೇ ಇಸಕೊಳ್ಳುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

"ನಿಂದು ಜಾಸ್ತಿ ಆಗಿರಲಿಲ್ಲವ್ವ. ಅವರ ಹತ್ರ ಕೆಲಸಾನೇ ಇಲ್ಲ. ಎಲ್ಲಾ ನಿಲ್ಲಿಸಿಬಿಟ್ಟಾರೆ" ಎಂದೆ.

ಅವಳ ಮುಖ ಇಳಿಯಿತು. ತನಗಾಗಿ ಅಲ್ಲ.

"ಅಯ್ಯೋ, ಹಂಗಾರೆ ನಿಮಗೂ ಹೋತಾ ಅಣ್ಣ? ಅಂಥಾ ಮಿಂಚುಳ್ಳಿ ಹಾಕಿದೋರಿಗೂ?" ಎಂದಳು. ಒಳಗೆ ತಿರುಗಿ, "ಅವ್ವಾ, ಜಗಳೂರಿನೋರು ಬಂದಾರೆ, ಅವರಿಗೂ ಕೆಲಸ ಹೋಗೈತಂತೆ. ಮಜ್ಜಿಗೆ ಐತೇನು ನೋಡು" ಎಂದು ಕೂಗಿದಳು.

ತಿಪ್ಪಮ್ಮ ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟಳು. ಚೀಲವನ್ನು ಕಾಲ ಹಿಂದೆ ಸರಿಸಿಕೊಂಡು ಕುಡಿದೆ.

ತಿಪ್ಪೇಶಪ್ಪ